ಧ್ವನಿಮುದ್ರಣ: ದುಬಾರಿ ಆಡಿಯೋ ಇಂಟರ್‌ಫೇಸ್ ಕೊಳ್ಳುವ ಮುನ್ನ

ಸುರಪುರ: ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಬೋನಾಳ ಗ್ರಾಮ ನಾಡಿಗೆ ಪರಿಚಿತವಾಗಿರುವುದು ತನ್ನ ವಿಶಾಲ ಕೆರೆ ಹಾಗೂ ಪಕ್ಷಿಧಾಮದಿಂದ. ಈ ಸೀಮೆಗೆ ಕಣ್ಣಿಗೆ ಕಾಣದ, ಕಿವಿಗೆ ಮಾತ್ರ ಕೇಳುವ ಇನ್ನೊಂದು ಸಂಪತ್ತೂ ಇದೆ. ಕಡಕೋಳ ಮಡಿವಾಳಪ್ಪ ಮೊದಲಾದವರ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಹಾಡುವ ಭಜನಾ ಪರಂಪರೆ ಅದು. ಬಾಯಿಂದ ಬಾಯಿಗೆ ಬಂದ ಈ ಧಾಟಿಗಳು ಹಿರಿಯ ಗಾಯಕರೊಂದಿಗೇ ಮರೆಯಾಗುವ ಅಪಾಯವಿದೆ.

ಒಂದು ಕಾಲಕ್ಕೆ ಕನ್ನಡದ ಹಾಡು ಮುದ್ರಣಗೊಳ್ಳಬೇಕಾದರೆ ಮದರಾಸಿನ ಸ್ಟುಡಿಯೋಗಳ ಬಾಗಿಲು ತಟ್ಟಬೇಕಿತ್ತು. 1980ರ ದಶಕದಲ್ಲಿ ಶಂಕರನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ದು ಈ ಕೊರತೆ ನೀಗಿಸುವುದಕ್ಕಾಗಿಯೇ. ಇಂದು ಸ್ಟುಡಿಯೋವನ್ನೇ ಚೀಲದಲ್ಲಿಟ್ಟುಕೊಂಡು ಹಾಡುಗಾರರ ಮನೆಬಾಗಿಲಿಗೆ ಹೋಗಬಹುದು. ಆ ಚೀಲದ ಮುಖ್ಯ ಸಾಧನವೇ ಆಡಿಯೋ ಇಂಟರ್‌ಫೇಸ್.

ಏನಿದರ ಕೆಲಸ?

ಮೈಕ್ ನೀಡುವ ಕ್ಷೀಣ ವಿದ್ಯುತ್ ಸಂಕೇತವನ್ನು ಪ್ರೀಆಂಪ್ ಮೂಲಕ ಹಿಗ್ಗಿಸಿ, ಅಂಕಿಗಳಾಗಿ ಪರಿವರ್ತಿಸಿ ಕಂಪ್ಯೂಟರಿಗೆ ಕಳುಹಿಸುವುದು ಇದರ ಮೊದಲ ಕೆಲಸ. ಕಂಪ್ಯೂಟರಿನಿಂದ ಬಂದ ಅಂಕಿಗಳನ್ನು ಮತ್ತೆ ಧ್ವನಿ ಸಂಕೇತವಾಗಿಸಿ ಹೆಡ್‌ಫೋನ್ ಹಾಗೂ ಸ್ಪೀಕರಿಗೆ ಒದಗಿಸುವುದು ಎರಡನೆಯದು. ಕಂಡೆನ್ಸರ್ ಮೈಕ್‌ಗಳಿಗೆ ಅಗತ್ಯವಾದ 48 ವೋಲ್ಟ್ ಫ್ಯಾಂಟಮ್ ಪವರ್ ಅನ್ನೂ ಇದೇ ಪೂರೈಸುತ್ತದೆ.

ಮೊದಲು ಮೈಕ್ ಎಣಿಸಿ

ಭಜನಾ ಮೇಳವೊಂದರಲ್ಲಿ ಮುಖ್ಯ ಗಾಯಕ, ಹಿಮ್ಮೇಳ, ಹಾರ್ಮೋನಿಯಂ, ತಬಲಾದ ಎರಡು ಭಾಗ, ದಮ್ಮಡಿ, ತಾಳ ಎಂದು ಲೆಕ್ಕ ಹಾಕಿದರೆ ಏಳು ಮೈಕ್ ಆಗುತ್ತದೆ. ಇಲ್ಲಿ ಎಂಟು ಪ್ರೀಆಂಪ್‌ಗಳ ಸಾಧನವೇ ಬೇಕು. ಯೂನಿವರ್ಸಲ್ ಆಡಿಯೋದ ಅಪೊಲೋ ಎಕ್ಸ್8ಪಿ, ಫೋಕಸ್‌ರೈಟ್‌ನ ಕ್ಲಾರೆಟ್ ಪ್ಲಸ್ 8ಪ್ರೀ ಈ ವರ್ಗಕ್ಕೆ ಸೇರಿದವು. ಆರ್‌ಎಂಇ ಸಂಸ್ಥೆಯ ಫೈರ್‌ಫೇಸ್ ಯುಸಿಎಕ್ಸ್ II ಮಾದರಿಯಲ್ಲಿ ಮೈಕ್ ಪ್ರೀಆಂಪ್‌ಗಳು ಎರಡೇ. ಆದರೆ ಅಡಾಟ್ ಜೋಡಣೆಯ ಮೂಲಕ ಇನ್ನೂ ಎಂಟನ್ನು ಸೇರಿಸಬಹುದು. ಒಬ್ಬರೇ ಹಾಡಿಕೊಂಡು ಏಕತಾರಿ ಮೀಟುವವರಿಗೆ ಎರಡು ಉತ್ತಮ ಪ್ರೀಆಂಪ್ ಧಾರಾಳವಾಗಿ ಸಾಕು.

ಅಂಕಿಗಳ ಮೋಹ ಬೇಡ

ಪೆಟ್ಟಿಗೆಯ ಮೇಲೆ 192 ಕಿಲೋಹರ್ಟ್ಸ್ ಎಂದು ಮುದ್ರಿಸಿರುವುದೇ ಶ್ರೇಷ್ಠತೆಯ ಗುರುತಲ್ಲ. ಮನುಷ್ಯನ ಕಿವಿ ಗ್ರಹಿಸುವುದು ಸುಮಾರು 20 ಕಿಲೋಹರ್ಟ್ಸ್ ವರೆಗೆ. 48 ಕಿಲೋಹರ್ಟ್ಸ್ ವೇಗದ ಮುದ್ರಣವು 24 ಕಿಲೋಹರ್ಟ್ಸ್ ವರೆಗಿನ ನಾದವನ್ನು ಹಿಡಿಯುತ್ತದೆ. ಎಂಟು ಮೈಕ್‌ಗಳನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ದಾಖಲಿಸಿದರೆ ಗಂಟೆಗೆ ಸುಮಾರು 4 ಜಿಬಿ ಸ್ಥಳ ಬೇಕು. 192ರಲ್ಲಿ ಇದು ನಾಲ್ಕು ಪಟ್ಟು.

ನಿಜಕ್ಕೂ ಗಮನಿಸಬೇಕಾದದ್ದು ಪ್ರೀಆಂಪ್‌ನ ಸ್ವಂತ ಗದ್ದಲ ಎಷ್ಟೆಂಬುದನ್ನು. ಏಕತಾರಿಯಂಥ ಮೆಲುದನಿಯ ವಾದ್ಯವನ್ನು ಹಿಗ್ಗಿಸುವಾಗ ಅಗ್ಗದ ಸಾಧನದ ‘ಸ್’ ಎಂಬ ಶಬ್ದವೂ ಜತೆಗೇ ಹಿಗ್ಗುತ್ತದೆ. ಹೆಚ್ಚು ಹಣ ತೆರುವುದಾದರೆ ಈ ನಿಶ್ಶಬ್ದಕ್ಕಾಗಿ ತೆರಬೇಕು.

24 ಬಿಟ್‌ನ ದೊಡ್ಡ ಅನುಕೂಲವೆಂದರೆ ಮಟ್ಟವನ್ನು ತಗ್ಗಿಸಿಟ್ಟುಕೊಂಡು ಮುದ್ರಿಸಬಹುದು. ಗಾಯಕ ಒಮ್ಮೆಲೇ ತಾರಸ್ಥಾಯಿಗೆ ಏರಿದಾಗ ಮಟ್ಟ ಮೀರಿದರೆ ದನಿ ಒಡೆಯುತ್ತದೆ. ಒಡೆದ ದನಿಯನ್ನು ಪೂರ್ಣವಾಗಿ ಮರಳಿ ಪಡೆಯಲಾಗದು. ಅತಿ ಗಟ್ಟಿ ಭಾಗದಲ್ಲೂ ಮಾಪಕ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು ಕ್ಷೇಮ.

ವೇದಿಕೆಗೆ ವಿಳಂಬವೇ ಶತ್ರು

ಹಾಡಿದ್ದು ಕಂಪ್ಯೂಟರ್ ಹೊಕ್ಕು ಹೆಡ್‌ಫೋನಿಗೆ ಮರಳುವಷ್ಟರಲ್ಲಿ ತುಸು ಕಾಲ ಹಿಡಿಯುತ್ತದೆ. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹೀಗಾಗಿ 5–6 ಮಿಲಿಸೆಕೆಂಡ್ ವಿಳಂಬವೆಂದರೆ ತಬಲಾದವರು ಎರಡು ಮೀಟರ್ ದೂರ ಕುಳಿತಂತೆ. 10 ಮಿಲಿಸೆಕೆಂಡ್ ದಾಟಿದರೆ ಲಯ ಹಿಡಿಯುವುದು ಹಲವರಿಗೆ ಕಷ್ಟ. ಕಂಪ್ಯೂಟರನ್ನು ಬಳಸದೆ ಸಾಧನದೊಳಗೇ ದನಿ ಕೇಳಿಸುವ ನೇರ ಮಾನಿಟರಿಂಗ್ ಸೌಲಭ್ಯವಿದ್ದರೆ ಈ ತೊಂದರೆ ಬಹುತೇಕ ಇಲ್ಲವಾಗುತ್ತದೆ.

ಡ್ರೈವರ್ ಬಾಳಿಕೆ, ಕರೆಂಟಿನ ಚಿಂತೆ

ಮೋಟು ಸಂಸ್ಥೆ 2001ರಲ್ಲಿ ಹೊರತಂದ 828 ಮಾದರಿ ಫೈರ್‌ವೈರ್ ಜೋಡಣೆಯದಾಗಿತ್ತು. ಇಂದಿನ ಹೊಸ ಕಂಪ್ಯೂಟರುಗಳಲ್ಲಿ ಆ ಜೋಡಣೆಯೇ ಇಲ್ಲ. ಯಂತ್ರ ಗಟ್ಟಿಯಾಗಿದ್ದರೂ ಅದರ ಕಾಲ ಮುಗಿಯಬಹುದೆಂಬುದಕ್ಕೆ ಇದು ಸಾಕ್ಷಿ. ಕಂಪನಿಯು ತನ್ನ ಹಳೆಯ ಮಾದರಿಗಳಿಗೆ ಎಷ್ಟು ವರ್ಷ ಡ್ರೈವರ್ ಒದಗಿಸಿದೆ ಎಂದು ವಿಚಾರಿಸಿಯೇ ಕೊಳ್ಳಬೇಕು.

ಹಳ್ಳಿಯಲ್ಲಿ ಮುದ್ರಿಸುವವರಿಗೆ ಕರೆಂಟು ಕೈಕೊಡುವ ಭಯ ಇದ್ದೇ ಇದೆ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಸಾಧನ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಪ್ರತ್ಯೇಕ ವಿದ್ಯುತ್ ಬೇಡುವ ದೊಡ್ಡ ಸಾಧನಕ್ಕೆ ಯುಪಿಎಸ್ ಕಡ್ಡಾಯ. ಯುಸಿಎಕ್ಸ್ II ಕಂಪ್ಯೂಟರಿನ ನೆರವಿಲ್ಲದೆ ಯುಎಸ್‌ಬಿ ಡ್ರೈವ್‌ಗೆ ನೇರವಾಗಿ ಮುದ್ರಿಸಬಲ್ಲದು; ಮರಳಿ ಸಿಗದ ಹಾಡಿಗೆ ಇಂಥ ಎರಡನೇ ಪ್ರತಿ ಆಪದ್ಬಾಂಧವ. ಕೆರೆ ದಂಡೆಯಲ್ಲಿ ಒಬ್ಬಂಟಿ ಗಾಯಕರನ್ನೋ ಹಕ್ಕಿಗಳ ಇಂಚರವನ್ನೋ ದಾಖಲಿಸುವವರಿಗೆ ಇಂಟರ್‌ಫೇಸ್‌ಗಿಂತ ಬ್ಯಾಟರಿಚಾಲಿತ ರೆಕಾರ್ಡರ್ ಮೇಲು. 2019ರಲ್ಲಿ ಬಂದ ಜೂಮ್ ಎಫ್6, 32 ಬಿಟ್ ಫ್ಲೋಟ್ ವಿಧಾನದಲ್ಲಿ ಮುದ್ರಿಸುವುದರಿಂದ ರೆಕಾರ್ಡರಿನ ಮಟ್ಟ ಏರುಪೇರಾದರೂ ದನಿ ಒಡೆಯುವ ಸಂಭವ ತೀರಾ ಕಡಿಮೆ.

ಕೊನೆಯ ಮಾತು

ಇದ್ದ ಹಣವನ್ನೆಲ್ಲ ಇಂಟರ್‌ಫೇಸ್ ಒಂದಕ್ಕೇ ಸುರಿಯುವುದು ಜಾಣತನವಲ್ಲ. ಮೈಕ್, ಸ್ಟ್ಯಾಂಡ್, ಕೇಬಲ್ ಹಾಗೂ ಪ್ರತಿ ಇಡಲು ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹಣ ಮೀಸಲಿಟ್ಟು, ಉಳಿದುದರಲ್ಲಿ ಇಂಟರ್‌ಫೇಸ್ ಆರಿಸಬೇಕು. ಮುದ್ರಣಕ್ಕೆ ಮುನ್ನ ಒಂದು ಪದವನ್ನು ಪೂರ್ತಿ ಹಾಡಿಸಿ ಪರೀಕ್ಷಿಸಿಕೊಳ್ಳಿ. ಯಂತ್ರವನ್ನು ನಾಳೆಯೂ ಕೊಳ್ಳಬಹುದು, ಹಿರಿಯರ ಕಂಠವನ್ನಲ್ಲ.