ದೋಸೆ ಪಕ್ಕದ ಆಲೂಗಡ್ಡೆ: ಒಂದು ಗಡ್ಡೆಯ ಚರಿತ್ರೆ, ಎಂಟು ಭಾಗಗಳಲ್ಲಿ

ಭಾಗ 1/8: ಪ್ಲೇಟಲ್ಲಿ ದೂರದವರು ಯಾರು?

ದಾವಣಗೆರೆಯವರಿಗೆಲ್ಲ ಒಂದು ಪ್ರಶ್ನೆ. ಬೆಣ್ಣೆ ದೋಸೆ ಪ್ಲೇಟನ್ನ ಕಣ್ಮುಂದೆ ತಂದ್ಕೊಳ್ರಿ. ದೋಸೆ, ಮೇಲೆ ಕರಗ್ತಾ ಇರೋ ಬೆಣ್ಣೆ, ಕಾಯಿ ಚಟ್ನಿ, ಪಕ್ಕದಲ್ಲಿ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ. ಇದರಲ್ಲಿ ಅತಿ ದೂರದಿಂದ ಬಂದಿರೋದು ಯಾವುದು?

ಪಲ್ಯ. ಅದರೊಳಗಿನ ಆಲೂಗಡ್ಡೆ, ಹಸಿಮೆಣಸಿನಕಾಯಿ ಎರಡೂ ಸಮುದ್ರ ದಾಟಿ ಬಂದವು. ಅಕ್ಕಿ, ಉದ್ದು, ಬೆಣ್ಣೆ, ತೆಂಗಿನಕಾಯಿಗೆ ನಮ್ಮ ನೆಲದಲ್ಲಿ ಸಾವಿರಾರು ವರ್ಷದ ಪರಿಚಯ ಇದೆ. ಆಲೂಗಡ್ಡೆ ಹಾಗಲ್ಲ, ಅದು ಮೊನ್ನೆ ಮೊನ್ನೆ ಬಂದ ನೆಂಟ.

ಆದ್ರೆ ಒಂದು ವಿಚಿತ್ರ ಗಮನಿಸಿದೀರಾ? ಓವನ್‌ನಲ್ಲಿ ಗರಿಗರಿ ಹುರಿದ ಆಲೂಗಡ್ಡೆ ಫೋಟೋ ನೋಡಿದ ಕೂಡಲೇ "ಅಯ್ಯೋ, ಇದು ಫಾರಿನ್ ಐಟಂ" ಅಂತೀವಿ. ಬಿಳಿ ಪಲ್ಯ ಮಾತ್ರ "ನಮ್ಮೂರಿಂದು". ಗಡ್ಡೆ ಒಂದೇ ಅಲ್ವಾ? ಹಾಗಾದ್ರೆ ಒಂದು ಪದಾರ್ಥ "ನಮ್ಮದು" ಆಗೋದು ಯಾವಾಗ, ಹೇಗೆ? ಈ ಸರಣಿ ಪೂರ್ತಿ ಇದೇ ಪ್ರಶ್ನೆ. ಕೊನೇ ಭಾಗದಲ್ಲಿ ರೆಸಿಪಿನೂ ಇದೆ, ಆದ್ರೆ ನೇರ ಅಲ್ಲಿಗೇ ಹಾರಬೇಡ್ರಿ.

ಭಾಗ 2/8: ಹರಿಹರದ ಗುಡಿ ಮುಂದೆ ನಿಂತು ಲೆಕ್ಕ ಹಾಕೋಣ

ಹರಿಹರೇಶ್ವರ ದೇವಸ್ಥಾನಕ್ಕೆ ಹೋಗದವರು ನಮ್ಮ ಕ್ಲಾಸಲ್ಲಿ ಯಾರೂ ಇರಲಿಕ್ಕಿಲ್ಲ. ಅರ್ಧ ಶಿವ, ಅರ್ಧ ವಿಷ್ಣು ಇರುವ ಆ ಗುಡಿಯನ್ನು 1224ರ ಸುಮಾರಿಗೆ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಆಗ ಅಲ್ಲಿ ಸಂತರ್ಪಣೆ ನಡೆದಿದ್ರೆ ಎಲೆಯಲ್ಲಿ ಏನೇನು ಇರ್ತಿರಲಿಲ್ಲ? ಆಲೂಗಡ್ಡೆ ಇಲ್ಲ. ಟೊಮೆಟೊ ಇಲ್ಲ. ಮೆಣಸಿನಕಾಯಿ ಇಲ್ಲ, ಖಾರ ಬೇಕಂದ್ರೆ ಕಾಳುಮೆಣಸು. ಶೇಂಗಾ ಚಟ್ನಿ ಇಲ್ಲ. ಮಂಡಕ್ಕಿ ಜೊತೆ ಮಿರ್ಚಿ ಅಂತೂ ಕನಸಲ್ಲೂ ಇಲ್ಲ.

ಇವತ್ತು ಹರಿಹರ ದಾಟಿದ ಕೂಡಲೇ ಹೊಲದ ತುಂಬ ಕಾಣೋ ಮೆಕ್ಕೆಜೋಳವೂ ಆಗ ಇರಲಿಲ್ಲ.

ದೋಸೆ ಇತ್ತಾ? ಗುಡಿ ಕಟ್ಟೋಕೆ ಸುಮಾರು ನೂರು ವರ್ಷ ಮೊದಲು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ "ಮಾನಸೋಲ್ಲಾಸ"ದಲ್ಲಿ ದೋಸೆಯ ಹೆಸರು ಬರುತ್ತೆ. ಅಂದ್ರೆ ದೋಸೆ ಹಳೇದು, ಅದರ ಪಕ್ಕದ ಪಲ್ಯ ಹೊಸದು. 1508ರ ಸುಮಾರಿಗೆ ಮೂರನೇ ಮಂಗರಸ ಕನ್ನಡದಲ್ಲಿ ಅಡುಗೆ ಬಗ್ಗೆಯೇ "ಸೂಪಶಾಸ್ತ್ರ" ಅಂತ ಕಾವ್ಯ ಬರೆದ. ಬದನೆಕಾಯಿಗೆ ಅಲ್ಲಿ ಬೇಕಾದಷ್ಟು ಜಾಗ ಇದೆ. ಆಲೂಗಡ್ಡೆಗೆ ಒಂದು ಸಾಲೂ ಇಲ್ಲ. ಇರೋಕೆ ಸಾಧ್ಯನೂ ಇರಲಿಲ್ಲ: ಯುರೋಪಿನವರೇ ಆಲೂಗಡ್ಡೆ ಮುಖ ನೋಡಿದ್ದು ಅದಾಗಿ ಇಪ್ಪತ್ತು ಮೂವತ್ತು ವರ್ಷದ ಮೇಲೆ.

ಭಾಗ 3/8: ಮೊದಲ ಓವನ್ ಮಣ್ಣಿಂದು

ಹಾಗಾದ್ರೆ ಅದು ಯಾರದ್ದಾಗಿತ್ತು? ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದವರದ್ದು. ಇವತ್ತಿನ ಪೆರು ಮತ್ತು ಬೊಲಿವಿಯಾ ನಡುವೆ ಟಿಟಿಕಾಕಾ ಅನ್ನೋ ದೊಡ್ಡ ಸರೋವರ ಇದೆ. ಅದರ ಸುತ್ತಮುತ್ತ ಸುಮಾರು 8000 ವರ್ಷದ ಹಿಂದೆ ಜನ ಕಾಡುಗಡ್ಡೆಯನ್ನ ಆರಿಸಿ, ನೆಟ್ಟು, ಕಹಿ ವಿಷ ಕಡಿಮೆ ಇರೋದನ್ನ ಉಳಿಸಿಕೊಳ್ತಾ ಆಲೂಗಡ್ಡೆ ಮಾಡಿದರು. ಕೆಂಪು, ನೇರಳೆ, ಕಪ್ಪು, ಹಳದಿ, ಹೀಗೆ ಆಂಡೀಸ್‌ನಲ್ಲಿ 4000ಕ್ಕೂ ಹೆಚ್ಚು ನಾಟಿ ತಳಿಗಳಿವೆ.

ಅವರ ಎರಡು ವಿದ್ಯೆ ಕೇಳಿದ್ರೆ ನಿಮಗೆ ನಮ್ಮ ಕಡೆಯ ನೆನಪೇ ಬರುತ್ತೆ.

ಒಂದು, ಚೂನ್ಯೊ. ರಾತ್ರಿ ಹಿಮದಲ್ಲಿ ಆಲೂಗಡ್ಡೆ ಹರಡಿ ಹೆಪ್ಪುಗಟ್ಟಿಸ್ತಾರೆ, ಹಗಲು ಕಾಲಲ್ಲಿ ತುಳಿದು ನೀರು ತೆಗೆದು ಬಿಸಿಲಿಗೆ ಒಣಗಿಸ್ತಾರೆ. ವರ್ಷಗಟ್ಟಲೆ ಕೆಡಲ್ಲ. ನಮ್ಮ ಅಜ್ಜಿಯಂದಿರು ಬೇಸಿಗೇಲಿ ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡೋದೂ ಇದೇ ಲೆಕ್ಕ. ಅವರಿಗೆ ಚಳಿ ಸಿಕ್ಕಿತು, ನಮಗೆ ಬಿಸಿಲು.

ಇನ್ನೊಂದು, ಹುವಾತಿಯಾ. ಗಡ್ಡೆ ಕಿತ್ತ ಹೊಲದಲ್ಲೇ ಒಣ ಹೆಂಟೆಗಳನ್ನ ಗುಮ್ಮಟದ ಹಾಗೆ ಪೇರಿಸಿ, ಒಳಗೆ ಬೆಂಕಿ ಹಾಕಿ, ಹೆಂಟೆ ಕೆಂಪಗೆ ಕಾದ ಮೇಲೆ ಆಲೂಗಡ್ಡೆ ತುಂಬಿ ಗುಮ್ಮಟವನ್ನೇ ಮೇಲೆ ಕೆಡವಿಬಿಡ್ತಾರೆ. ಸ್ವಲ್ಪ ಹೊತ್ತಿಗೆ ಮಣ್ಣು ಸರಿಸಿದ್ರೆ ಸುಟ್ಟ ಆಲೂಗಡ್ಡೆ ರೆಡಿ. ಜೋಳದ ಹಾಲ್ದೆನೆಯನ್ನ ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಸೀತನಿ ತಿಂದವರಿಗೆ ಆ ರುಚಿ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಓವನ್ ಆಲೂಗಡ್ಡೆ ಇಂಗ್ಲಿಷರದ್ದು ಅಂತ ಯಾರಾದ್ರೂ ಅಂದ್ರೆ ಈ ಭಾಗ ಕಳಿಸಿಕೊಡ್ರಿ.

ಭಾಗ 4/8: ಹೆಸರೆಲ್ಲ ಕಡ ತಂದದ್ದು

1530ರ ದಶಕದಲ್ಲಿ ಸ್ಪೇನಿನವರು ಆಂಡೀಸ್‌ಗೆ ನುಗ್ಗಿದರು. ಬೆಳ್ಳಿ ಬಂಗಾರ ಹುಡುಕಿಕೊಂಡು ಹೋದವರ ಹಡಗಲ್ಲಿ ಈ ಗಡ್ಡೆಯೂ ಹೊರಟಿತು. ಯುರೋಪಿನವರು ಮೊದಲು ಇದನ್ನ ನಂಬಲೇ ಇಲ್ಲ. ತಿಂದ್ರೆ ಕುಷ್ಠ ಬರುತ್ತೆ ಅಂತ ಫ್ರಾನ್ಸಿನಲ್ಲಿ ಬಹಳ ಕಾಲ ದನಕ್ಕೆ ಹಾಕ್ತಿದ್ರು.

ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಅವರ ಬಾಯಲ್ಲಿ ಅದು "ಬಟಾಟಾ". ಆದ್ರೆ ಆ ಪದವೂ ಅವರದ್ದಲ್ಲ! ಕೆರಿಬಿಯನ್ ದ್ವೀಪಗಳ ಟೈನೋ ಜನ ಸಿಹಿಗೆಣಸಿಗೆ ಇಟ್ಟ ಹೆಸರು ಅದು. ಆಂಡೀಸ್‌ನ ಕ್ವೆಚುವಾ ಭಾಷೆಯಲ್ಲಿ ಆಲೂಗಡ್ಡೆಯ ನಿಜವಾದ ಹೆಸರು "ಪಾಪಾ". ಹೀಗೆ ಒಂದು ಗಡ್ಡೆಯ ಹೆಸರು ಇನ್ನೊಂದಕ್ಕೆ ಅಂಟಿಕೊಂಡು ಮರಾಠಿಗೆ, ಕೊಂಕಣಿಗೆ, ನಮ್ಮ ಕರಾವಳಿಗೆ, ಉತ್ತರ ಕರ್ನಾಟಕಕ್ಕೆ "ಬಟಾಟೆ" ಆಗಿ ಬಂತು.

"ಆಲೂ" ಕಥೆನೂ ಅದೇ. ಸಂಸ್ಕೃತದಲ್ಲಿ "ಆಲು", "ಆಲುಕ" ಅಂದ್ರೆ ಮೊದಲಿಂದ ಇದ್ದ ಬೇರೆ ಗೆಡ್ಡೆಗಳು. ಹೊಸ ಗಡ್ಡೆ ಬಂದು ಆ ಹೆಸರನ್ನ ತೊಟ್ಕೊಂಡಿತು. ಬೆಂಗಳೂರು, ಕೋಲಾರದ ಕಡೆ ಹೋದ್ರೆ "ಉರುಳಗಡ್ಡೆ", ನೋಡಿದ ಹಾಗೆ ಕರೆದದ್ದು.

ಈಗ ಹರಿಹರದ ಹೊಳೆ ದಂಡೆಗೆ ಬರ್ರಿ. 1956ರ ತನಕ ತುಂಗಭದ್ರೆಯೇ ಗಡಿ. ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಒಂದೇ ಹೊಳೆಯ ಆಚೆ ಈಚೆ ಎರಡು ಸರ್ಕಾರ, ಒಂದೇ ಗಡ್ಡೆಗೆ ಎರಡು ಮೂರು ಹೆಸರು. ಇವತ್ತಿಗೂ ನಮ್ಮ ಕ್ಲಾಸಲ್ಲೇ ಒಬ್ಬರ ಮನೇಲಿ ಬಟಾಟೆ, ಇನ್ನೊಬ್ಬರ ಮನೇಲಿ ಆಲೂಗಡ್ಡೆ ಅನ್ನೋದಕ್ಕೆ ಈ ಗಡಿನೂ ಒಂದು ಕಾರಣ.

ಭಾಗ 5/8: ಹೊಳೆ ದಾಟಿ ಬಂದ ಜನ, ಕಾವಲಿ ಮೇಲಿನ ಬೆಣ್ಣೆ

1820ರ ದಶಕದಲ್ಲಿ ಜಾನ್ ಸಲ್ಲಿವನ್ ಅನ್ನೋ ಕಲೆಕ್ಟರ್ ನೀಲಗಿರಿಯಲ್ಲಿ ಆಲೂಗಡ್ಡೆ ಬೆಳೆಸಿದ. ಬ್ರಿಟಿಷರ ದಂಡು ಇದ್ದ ಕಡೆ, ತಂಪು ಬೆಟ್ಟ ಇದ್ದ ಕಡೆ ಬೆಳೆ ಹಬ್ಬಿತು. ನಮ್ಮ ಕಡೆಯ ಬಯಲಿಗೆ ಅದು ಬಂದದ್ದು ಬೆಳೆಯಾಗಿ ಅಲ್ಲ, ಸರಕಾಗಿ.

ದಾವಣಗೆರೆ ಮೊದಲಿಂದ ವ್ಯಾಪಾರದ ಊರು. ಹೈದರ್ ಅಲಿ ಇದನ್ನ ಅಪ್ಪಾಜಿ ರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟಾಗ ಅವನು ವ್ಯಾಪಾರಿಗಳನ್ನ ಕರೆಸಿ ನೆಲೆ ನಿಲ್ಲಿಸಿದ. 1868ರಲ್ಲಿ ಹರಿಹರದ ಹೊಳೆಗೆ ಸೇತುವೆ ಆಯ್ತು, ಆಮೇಲೆ ರೈಲು ಬಂತು. 20ನೇ ಶತಮಾನದಲ್ಲಿ ದಾವಣಗೆರೆಗೆ ಹತ್ತಿ ಮಿಲ್ಲುಗಳು, 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಮಿಲ್ಲು ಅಂದ್ರೆ ಶಿಫ್ಟು, ಶಿಫ್ಟು ಅಂದ್ರೆ ಹೊತ್ತಲ್ಲದ ಹೊತ್ತಲ್ಲಿ ಹಸಿವು. ಖಾನಾವಳಿ, ಹೋಟೆಲು ಬೆಳೆಯೋದು ಇಂಥ ಊರಲ್ಲೇ. ಇಂಥ ಹೋಟೆಲಿಗೆ ಆಲೂಗಡ್ಡೆ ಹೇಳಿ ಮಾಡಿಸಿದ ಹಾಗಿದೆ: ಮೂಟೆಯಲ್ಲಿ ವಾರಗಟ್ಟಲೆ ಇರುತ್ತೆ, ಒಂದೇ ಹಂಡೆಯಲ್ಲಿ ಬೇಯುತ್ತೆ, ಹೊಟ್ಟೆ ತುಂಬುತ್ತೆ.

ಬೆಣ್ಣೆ ದೋಸೆ ಬಗ್ಗೆ ಊರಲ್ಲಿ ಎಲ್ಲರೂ ಹೇಳೋ ಕತೆ ಇದು. 1928ರಲ್ಲಿ ಚೆನ್ನಮ್ಮ ಅನ್ನೋ ತಾಯಿ ಮಕ್ಕಳನ್ನ ಕರ್ಕೊಂಡು ಬೆಳಗಾವಿ ಕಡೆಯಿಂದ ದಾವಣಗೆರೆಗೆ ಬಂದರು. ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕೋಕೆ ಶುರು ಮಾಡಿದರು. ಮೊದಲು ರಾಗಿ ಹಿಟ್ಟಿನ ದೋಸೆ, ಆಮೇಲೆ ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಮೇಲೆ ಬೆಣ್ಣೆ. ಮುಂದೆ ಮಕ್ಕಳು ಹೋಟೆಲ್ ಬೆಳೆಸಿದರು.

ಯೋಚನೆ ಮಾಡ್ರಿ. ಊರಿನ ಹೆಸರು ಹೊತ್ತ ತಿಂಡಿಯನ್ನ ಮಾಡಿದವರು ಬೇರೆ ಊರಿಂದ ಬಂದ ಹೆಣ್ಣುಮಗಳು. ಪಕ್ಕದಲ್ಲಿ ನೆಂಚಿಕೊಳ್ಳೋಕೆ ಕೊಡೋ ಗಡ್ಡೆ ಬೇರೆ ಖಂಡದಿಂದ ಬಂದದ್ದು. ಆದ್ರೂ ಅದು ದಾವಣಗೆರೆಯದೇ. ದಿನಾ ಬೆಳಗ್ಗೆ ಎದ್ದು ಬೇಯಿಸಿ, ಹದ ಕಂಡ್ಕೊಂಡು, ಅರಿಶಿನ ಬೇಡ ಅಂತ ತೀರ್ಮಾನ ಮಾಡಿದ ಕೈಗಳು ಇಲ್ಲಿಯವು.

ಭಾಗ 6/8: ನಮ್ಮಲ್ಲಿ ಓವನ್ ಇರಲಿಲ್ವಾ?

ಇತ್ತು, ಬೇರೆ ರೂಪದಲ್ಲಿ. ದಾವಣಗೆರೆ ಮಂಡಕ್ಕಿ ಭಟ್ಟಿ ನೋಡಿದೀರಲ್ಲ? ಉಪ್ಪು ನೀರು ಕುಡಿದು ಒಣಗಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಒಳಗಿನ ಚೂರು ತೇವ ಆವಿಯಾಗಿ ಕಾಳನ್ನ ಉಬ್ಬಿಸುತ್ತೆ. ತೇವ ಹೋಯ್ತು, ಗರಿಗರಿ ಬಂತು. ಆಲೂಗಡ್ಡೆ ಗರಿಯಾಗೋದೂ ಮೇಲ್ಮೈ ನೀರು ಪೂರ್ತಿ ಹೋದಾಗಲೇ. ಗರಿಗರಿ ಅನ್ನೋ ವಿದ್ಯೆಯಲ್ಲಿ ನಮ್ಮೂರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆ ಗರಿಯ ಹಿಂದೆ ಹೊಗೆ, ಸೆಕೆ, ಒಂದು ಕಾಲದಲ್ಲಿ ಶಾಲೆ ಬಿಟ್ಟ ಮಕ್ಕಳ ದುಡಿಮೆನೂ ಇತ್ತು ಅನ್ನೋದನ್ನ ಮಾತ್ರ ಮರೀಬಾರದು.

ಇನ್ನು ಮುಚ್ಚಿದ ಒಲೆ ನಮಗೆ ಪರಿಚಯ ಆದದ್ದು ಬೇಕರಿಯಿಂದ. ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿಗೆ ಬಂದು ಬೇಕರಿ ಶುರು ಮಾಡಿದ್ದು 19ನೇ ಶತಮಾನದ ಕೊನೆಗೆ. ಈಗ ಊರೂರಲ್ಲೂ ಅವರ ಬೋರ್ಡು. ಯುರೋಪಿನ ಬ್ರೆಡ್ಡಿನೊಳಗೆ ನಮ್ಮ ಪಲ್ಯ ತುಂಬಿ ಬೇಯಿಸಿದಾಗ ಹುಟ್ಟಿದ್ದೇ ಆಲೂ ಬನ್. ಕಾಲೇಜು ಬಿಟ್ಟ ಮೇಲೆ ನೀವು ತಿನ್ನೋ ಆ ಬನ್ನು ಓವನ್‌ನಲ್ಲಿ ಬೆಂದ ಆಲೂಗಡ್ಡೆನೇ ಅಲ್ವಾ?

ಭಾಗ 7/8: ಒಂದೇ ತಳಿಯನ್ನ ನಂಬಿದ್ರೆ

ಇದು ಸರಣಿಯ ಬೇಜಾರಿನ ಭಾಗ, ಆದ್ರೆ ಬಿಡದೆ ಓದ್ರಿ.

1845ರಲ್ಲಿ ಐರ್ಲೆಂಡಿನ ಹೊಲಗಳಲ್ಲಿ ಆಲೂಗಡ್ಡೆ ಎಲೆ ಕಪ್ಪಾಗಿ ಗಡ್ಡೆ ಕೊಳೀತು. ಅಲ್ಲಿನ ಬಡವರು ಬಹುತೇಕ ಒಂದೇ ತಳಿ ಬೆಳೀತಿದ್ರು, ಹೊತ್ತೊತ್ತಿಗೂ ಅದನ್ನೇ ತಿಂತಿದ್ರು. ಆಂಡೀಸ್‌ನ ರೈತ ಒಂದೇ ಹೊಲದಲ್ಲಿ ಹತ್ತಾರು ತಳಿ ಹಾಕ್ತಿದ್ದ, ಒಂದು ಸತ್ರೆ ಇನ್ನೊಂದು ಬದುಕ್ತಿತ್ತು. ಗಡ್ಡೆ ಸಮುದ್ರ ದಾಟಿತು, ಆ ಜಾಣತನ ದಾಟಲಿಲ್ಲ. ಕೆಲವೇ ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆ ಹೊತ್ತಲ್ಲೂ ಐರ್ಲೆಂಡಿನಿಂದ ಧಾನ್ಯ ಹಡಗೇರಿ ಹೊರಗೆ ಹೋಗ್ತಿತ್ತು. ರೋಗ ಪ್ರಕೃತಿಯದ್ದು, ಅಷ್ಟು ಸಾವು ಆಡಳಿತದ್ದು.

ಆ ರೋಗದ ಹೆಸರು ಅಂಗಮಾರಿ. ನಮ್ಮ ಹಾಸನದ ರೈತರಿಗೆ ಈ ಹೆಸರು ಚೆನ್ನಾಗಿ ಗೊತ್ತು. ರಾಜ್ಯದಲ್ಲಿ ಆಲೂಗಡ್ಡೆಗೆ ಹೆಸರಾದ ಜಿಲ್ಲೆ ಹಾಸನ. ಅಲ್ಲಿ ಬಹುಪಾಲು ಬೆಳೆದದ್ದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಅನ್ನೋ ಒಂದೇ ತಳಿ. ಬೀಜದ ಗಡ್ಡೆ ಪ್ರತಿ ವರ್ಷ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತೆ. ಮುಂಗಾರು ಮೋಡ ಕವಿದು ಹನಿ ನಿಂತ್ರೆ ಅಂಗಮಾರಿ ಹೊಲಕ್ಕೆ ಹೊಲವೇ ಸುಡುತ್ತೆ. ಸಾಲ ಮಾಡಿ ಬೀಜ ತಂದವರು ಎಷ್ಟೋ ಸಲ ಕೈ ಸುಟ್ಟುಕೊಂಡು ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿದ್ದಾರೆ.

ಈಗ ಕುಫ್ರಿ ಹಿಮಾಲಿನಿ ಥರ ರೋಗ ತಡೆಯೋ ತಳಿಗಳು ಬಂದಿವೆ. ಕುಡಿ ಕತ್ತರಿಸಿ ಸಸಿ ಮಾಡಿ ಬೀಜದ ಗಡ್ಡೆಯನ್ನ ಇಲ್ಲೇ ಬೆಳೆಯೋ ಪ್ರಯತ್ನವೂ ಹಾಸನದಲ್ಲಿ ನಡೆದಿದೆ. ಅದಕ್ಕೆ ಕೈಜೋಡಿಸಿದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇರೋದು ಪೆರುವಿನ ಲಿಮಾದಲ್ಲಿ. ತವರಿನ ಬುದ್ಧಿ ಈಗ ಹಿಂದಿನಿಂದ ಬರ್ತಾ ಇದೆ ಅನ್ನಿ. ನಿಮ್ಮ ಪ್ಲೇಟಿನ ಪಲ್ಯ ಮುಂದೂ ಅಗ್ಗವಾಗಿ ಸಿಗುತ್ತಾ ಅನ್ನೋದು ಈ ಕೆಲಸದ ಮೇಲೆ ನಿಂತಿದೆ.

ಭಾಗ 8/8: ಈಗ ಓವನ್ ಹಚ್ರಿ

ನಾಲ್ಕು ಜನಕ್ಕೆ 1 ಕೆಜಿ ಆಲೂಗಡ್ಡೆ. ಹಸಿರು ತಿರುಗಿದ್ದು ಬೇಡ. ಫ್ರಿಜ್‌ನಲ್ಲಿ ಇಟ್ಟದ್ದೂ ಬೇಡ, ಅದರಲ್ಲಿ ಸಕ್ಕರೆ ಹೆಚ್ಚಾಗಿ ಬೇಯೋ ಮುಂಚೆ ಕಪ್ಪಾಗುತ್ತೆ.

ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ. 2 ಲೀಟರ್ ಕುದಿಯೋ ನೀರಿಗೆ 1 ದೊಡ್ಡ ಚಮಚ ಉಪ್ಪು, ಅರ್ಧ ಸಣ್ಣ ಚಮಚ ಅಡುಗೆ ಸೋಡಾ ಹಾಕಿ 10 ನಿಮಿಷ ಬೇಯಿಸಿ. ಸೋಡಾ ಹೋಳಿನ ಅಂಚನ್ನ ಮೆತ್ತಗೆ ಮಾಡುತ್ತೆ. ನೀರು ಬಸಿದು 5 ನಿಮಿಷ ಹಾಗೇ ಬಿಡಿ, ಹಬೆ ಪೂರ್ತಿ ಹೋಗ್ಲಿ. ಅವಸರ ಮಾಡಿದ್ರೆ ಗರಿ ಬರಲ್ಲ.

3 ದೊಡ್ಡ ಚಮಚ ತುಪ್ಪ ಹಾಕಿ, ಮುಚ್ಚಳ ಮುಚ್ಚಿ, ಪಾತ್ರೆಯನ್ನ ಜೋರಾಗಿ ಕುಲುಕಿ. ಅಂಚು ತರಿತರಿಯಾಗಬೇಕು, ಆ ತರಿಯೇ ಗರಿಯಾಗೋದು. ದಾವಣಗೆರೆ ಬೆಣ್ಣೆ ನೇರ ಹಾಕಬಹುದಾ? ಬೇಡ. ಬೆಣ್ಣೆಯಲ್ಲಿ ನೀರು, ಹಾಲಿನ ಅಂಶ ಇರುತ್ತೆ, ಓವನ್ ಬಿಸಿಗೆ ಸೀದುಹೋಗುತ್ತೆ. ಕಾಯಿಸಿ ತುಪ್ಪ ಮಾಡ್ಕೊಂಡು ಹಾಕ್ರಿ.

ಟ್ರೇ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, 220 ಡಿಗ್ರಿಗೆ ಮೊದಲೇ ಕಾದ ಓವನ್‌ನಲ್ಲಿ 20 ನಿಮಿಷ ಮುಟ್ಟದೆ ಬಿಡಿ. ತಿರುವಿ ಹಾಕಿ ಮತ್ತೆ 20 ನಿಮಿಷ. ಹೊಂಬಣ್ಣ ಬಂದ್ರೆ ಸಾಕು. ಕೊನೆಗೆ ಉಪ್ಪು, ಜಜ್ಜಿದ ಕಾಳುಮೆಣಸು, ಕೊತ್ತಂಬರಿ.

ಓವನ್ ಇಲ್ವಾ? ಇದೇ ಹೋಳನ್ನ ದೋಸೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಮಗುಚಿ ಹಾಕ್ತಾ 25 ನಿಮಿಷ ಹುರೀರಿ. ಅನ್ನ ಸಾರಿಗೂ ಆಗುತ್ತೆ, ರೊಟ್ಟಿಗೂ ಆಗುತ್ತೆ.

ಮಾಡಿದವರು ಫೋಟೋ ಟ್ಯಾಗ್ ಮಾಡಿ. ಜೊತೆಗೆ ಒಂದು ಸಣ್ಣ ಕೆಲಸ: ಇವತ್ತು ರಾತ್ರಿ ಮನೇಲಿ ಅಜ್ಜ ಅಜ್ಜಿಯನ್ನ ಕೇಳ್ರಿ, ಅವರ ಚಿಕ್ಕಂದಿನಲ್ಲಿ ಆಲೂಗಡ್ಡೆಗೆ ಏನಂತಿದ್ರು, ದಿನಾ ಮಾಡ್ತಿದ್ರಾ, ಹಬ್ಬಕ್ಕೆ ಮಾತ್ರಾನಾ? ಹೊಳೆಯ ಯಾವ ದಡದ ಊರು ಅಂತಲೂ ಸೇರಿಸಿ ಕಾಮೆಂಟಲ್ಲಿ ಬರೀರಿ. ಎಲ್ಲ ಸೇರಿಸಿ ದಾವಣಗೆರೆ–ಹರಿಹರದ ಆಲೂಗಡ್ಡೆ ನಕಾಶೆ ಮಾಡೋಣ. ಮುಂದಿನ ಸರಣಿ: ಮಿರ್ಚಿಯೊಳಗಿನ ಮೆಣಸಿನಕಾಯಿ.

#ದಾವಣಗೆರೆ #ಹರಿಹರ #ಊಟದಚರಿತ್ರೆ #ಆಲೂಗಡ್ಡೆ #ಬೆಣ್ಣೆದೋಸೆ