ಮಣ್ಣಿನ ಬಟ್ಟಲು ಮತ್ತು ಅಂಕಪಟ್ಟಿ: ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ

ನಾವು ವಾಸಿಸುವ ಕೊಲ್ಕತ್ತದ ಲೇಕ್ ಗಾರ್ಡನ್ಸ್‌ನ ಚಹಾದಂಗಡಿಗಳಲ್ಲಿ ಮಣ್ಣಿನ ಬಟ್ಟಲು ಸರ್ವರಿಗೂ ಸಮಾನವಾದದ್ದು. ಯಾರೇ ಕುಡಿಯಲಿ, ಕುಡಿದು ಎಸೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆಯ ಕ್ರಿಕೆಟ್ ಮೈದಾನದಲ್ಲಿ ಅಂಥದೇ ಬಟ್ಟಲು ಒಬ್ಬರನ್ನು ಮಾತ್ರ ಬೇರ್ಪಡಿಸುವ ಗುರುತಾಗಿತ್ತು. ಸಹ ಆಟಗಾರರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಸೇವಿಸುವಾಗ ಅವರಿಗೆ ಹೊರಗೆ ಮಣ್ಣಿನ ಬಟ್ಟಲಿನಲ್ಲಿ ಕೊಡಲಾಗುತ್ತಿತ್ತು. ಅವರೇ 1876ರಲ್ಲಿ ಧಾರವಾಡದಲ್ಲಿ, ಚಮ್ಮಾರ ಸಮುದಾಯದಲ್ಲಿ ಜನಿಸಿದ ಪಾಲ್ವಣಕರ್ ಬಾಲೂ.

ವಸಾಹತು ಸಮಾಜದ ಕ್ರಿಕೆಟ್ಟನ್ನು ಆಳುವವರು ಮತ್ತು ಆಳಿಸಿಕೊಳ್ಳುವವರು ಎಂಬ ಎರಡೇ ಪಕ್ಷಗಳ ಸ್ಪರ್ಧೆಯಾಗಿ ವಿವರಿಸುವುದು ವಾಡಿಕೆ. ಈ ವಿವರಣೆ ಸಾಲದೆಂಬುದಕ್ಕೆ ಬಾಲೂ ಅವರ ಜೀವನ ನಿದರ್ಶನವಾಗಿದೆ. ಪುಣೆಯ ಐರೋಪ್ಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಅವರು ಮೈದಾನವನ್ನು ಹದಮಾಡುತ್ತಿದ್ದರು, ಜೆ.ಜಿ. ಗ್ರೇಗ್‌ರಂತಹ ಆಂಗ್ಲ ದಾಂಡಿಗರಿಗೆ ಗಂಟೆಗಟ್ಟಲೆ ಬೌಲ್ ಮಾಡುತ್ತಿದ್ದರು. ಬ್ಯಾಟು ಮಾತ್ರ ಅವರ ಕೈಗೆ ಬರಲಿಲ್ಲ. ದುಡಿಮೆ ಒಬ್ಬರದು, ಮನ್ನಣೆ ಇನ್ನೊಬ್ಬರದು ಎಂಬಲ್ಲಿ ಜನಾಂಗಭೇದವೂ ಜಾತಿಭೇದವೂ ಒಂದೇ ದಾರಿ ಹಿಡಿದಿದ್ದವು.

ಆ ಎಡಗೈ ಬೌಲಿಂಗ್ ಕ್ರಮೇಣ ಹಿಂದೂ ತಂಡಕ್ಕೆ ಅನಿವಾರ್ಯವಾಯಿತು. 1906ರಲ್ಲಿ ಮುಂಬಯಿಯಲ್ಲಿ ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದ ತಂಡದಲ್ಲಿ ಬಾಲೂ ಇದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ಭಾರತೀಯ ತಂಡದೊಡನೆ ಇಂಗ್ಲೆಂಡಿಗೆ ತೆರಳಿ 114 ವಿಕೆಟ್‌ಗಳನ್ನು ಪಡೆದರು. ಅದೇ ವರ್ಷ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ಪಡೆಯನ್ನು ಫುಟ್‌ಬಾಲಿನಲ್ಲಿ ಮಣಿಸಿತು. ಬಂಗಾಳ ಆ ಗೆಲುವನ್ನು ಇಂದಿಗೂ ಸ್ಮರಿಸುತ್ತದೆ. ಬಾಲೂ ಅವರ ಹೆಸರು ಕನ್ನಡದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಬಿಳಿಯರನ್ನು ಗೆದ್ದ ಮಾತ್ರಕ್ಕೆ ಜಾತಿಯ ಕಟ್ಟು ಸಡಿಲವಾಗಲಿಲ್ಲ. ಹಿಂದೂ ತಂಡದ ನಾಯಕ ಪದವಿ ಬಾಲೂ ಅವರಿಗೆ ಸಲ್ಲಲಿಲ್ಲ. ಈ ಅನ್ಯಾಯವನ್ನು ಪ್ರತಿಭಟಿಸಿ 1920ರಲ್ಲಿ ತಮ್ಮಂದಿರಾದ ಶಿವರಾಮ ಮತ್ತು ವಿಠಲ ಆಟದಿಂದ ಹೊರಗುಳಿದರು. 1923ರಲ್ಲಿ ವಿಠಲರು ನಾಯಕರಾದರು. ಒಂದು ಕಾಲಕ್ಕೆ ಅಂಬೇಡ್ಕರರ ಅಭಿಮಾನಕ್ಕೆ ಪಾತ್ರರಾಗಿದ್ದ ಬಾಲೂ, 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅವರೆದುರೇ ನಿಂತು ಸೋತರು. ದಲಿತ ರಾಜಕಾರಣದ ಎರಡು ಹಾದಿಗಳು ಅಲ್ಲಿ ಮುಖಾಮುಖಿಯಾದವು.

ಬಾಲೂ ಅವರನ್ನು ಕನ್ನಡಿಗರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಂದಿನ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಅವರ ಮನೆತನದ ಮೂಲ ಕೊಂಕಣದ್ದು. ಇಂದಿನ ರಾಜ್ಯದ ಗಡಿಯೊಳಗೆ ಮಾತ್ರ ಹುಡುಕಿದರೆ ಇಂಥ ಬದುಕುಗಳು ಎರಡೂ ಕಡೆಯ ಚರಿತ್ರೆಯಿಂದ ಜಾರುತ್ತವೆ. ಅಂಕಪಟ್ಟಿ 114 ವಿಕೆಟ್‌ಗಳನ್ನು ದಾಖಲಿಸುತ್ತದೆ. ಚಹಾ ಎಲ್ಲಿ, ಯಾವ ಬಟ್ಟಲಿನಲ್ಲಿ ಎಂಬುದನ್ನು ದಾಖಲಿಸುವುದಿಲ್ಲ. ಹೊರನಾಡಿನ ಕನ್ನಡ ಸಂಶೋಧಕರು ಈ ಎರಡನ್ನೂ ಜೊತೆಗಿಟ್ಟು ಓದಬೇಕೆಂಬುದು ನಮ್ಮ ಅಭಿಪ್ರಾಯ.