ಅಮೃತಾಪುರ: ಶಿಲೆಯೂ ಶಬ್ದವೂ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದು ಹೆಸರಿದ್ದಿತು. ಆ ಸೀಮೆಯ ಸಂರಕ್ಷಿತ ಸ್ಮಾರಕಗಳಲ್ಲಿ ತರೀಕೆರೆಯ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವು ಗಣ್ಯವಾದುದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಳಿಕೆಯಲ್ಲಿ, 1196ರಲ್ಲಿ, ಅಮೃತ ದಂಡನಾಯಕನು ಇದನ್ನು ಕಟ್ಟಿಸಿದನು.

ಇದು ಶಿವಾಲಯವಾದರೂ ಮಂಟಪದ ಹೊರಗೋಡೆಯ 140 ಫಲಕಗಳಲ್ಲಿ ಕಂಡರಿಸಿರುವುದು ವಿಷ್ಣುಕಥೆಗಳನ್ನು. ದಕ್ಷಿಣದ 70ರಲ್ಲಿ ರಾಮಾಯಣ. ಉತ್ತರದ 25ರಲ್ಲಿ ಕೃಷ್ಣಚರಿತೆ, 45ರಲ್ಲಿ ಮಹಾಭಾರತ. ರಾಮಾಯಣವು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುವುದು ಇಲ್ಲಿನ ವಿಶೇಷ. ಇನ್ನೂ ಸ್ವಾರಸ್ಯವಾದುದೆಂದರೆ, ಇಲ್ಲಿಯ 1197ರ ಶಾಸನವನ್ನು ರಚಿಸಿದವನು ಜೈನಕವಿ ಜನ್ನ. ಮುಂದೆ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದವನು ಈತನೇ. ಒಂದು ಮತದ ಗುಡಿ, ಇನ್ನೊಂದರ ಕಥೆ, ಮತ್ತೊಂದರ ಕವಿ: ಈ ಸಾಮರಸ್ಯವೇ ಈ ಸ್ಮಾರಕದ ನಿಜವಾದ ಸಂಪತ್ತು.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ಅದರ 2010ರ ತಿದ್ದುಪಡಿಯೂ ಇಂತಹ ಕಟ್ಟಡಗಳ ಸುತ್ತ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು ನಿಷೇಧಿಸಿವೆ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆದರೆ ಕಾಯಿದೆಯು ಕಾಯುವುದು ಶಿಲೆಯನ್ನು. ಶಾಸನದ ಅರ್ಥವನ್ನು ಕಾಯಬೇಕಾದವರು ಓದುಗರು.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದ ಶರಣರನ್ನು ನಂಬಿದವರು ಕಲ್ಲಿನ ಗುಡಿಯ ಚಿಂತೆಯನ್ನೇಕೆ ಮಾಡಬೇಕೆಂಬ ಪ್ರಶ್ನೆ ಸಹಜವಾದುದು. ಓದುವವರಿಲ್ಲದ ಶಾಸನವು ಬರಿಯ ಸ್ಥಾವರ. ಓದಿ ತಿಳಿದವನ ನಾಲಗೆಯ ಮೇಲೆ ಅದು ಚಲಿಸುವ ನುಡಿಯಾಗುತ್ತದೆ. ಬಿ. ಎಲ್. ರೈಸ್ ಅವರು 1901ರಲ್ಲಿಯೇ ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಅಚ್ಚು ಮಾಡಿಸಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳು ಜನ್ನನ ಕಾವ್ಯಗಳೊಡನೆ ಈ ಶಾಸನವನ್ನೂ ಅಭ್ಯಸಿಸಿ, ಬಳಿಕ ಅಮೃತಾಪುರಕ್ಕೆ ಹೋಗಿ ನೋಡುವುದು ಲೇಸು.